ಮೊದಲು ಪ್ಲೇಟ್ ನೆನೆಯಲಿ

ಕೇಳುಗರಿಗೆಲ್ಲ ನಮಸ್ಕಾರ.

ಅಣ್ಣಿಗೇರಿ, ನವಲಗುಂದ ಕಡೆಯ ಎರೆ ಹೊಲಗಳಿಗೆ ದಿನಾ ಬೈಕ್ ಮೇಲೆ ಹೋಗಿಬರುವ ತಮ್ಮಂದಿರೇ ಇವತ್ತು ನನ್ನ ಕಣ್ಣ ಮುಂದೆ ಇದ್ದಾರೆ. ಮಳೆ ಬಿದ್ದ ಮೇಲೆ ನಮ್ಮ ಎರೆ ಮಣ್ಣು ಗಾಲಿಗೆ ಹೇಗೆ ಮೆತ್ತುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮಡ್‌ಗಾರ್ಡ್ ಒಳಗೆ ಮಣ್ಣು ಗಟ್ಟಿಯಾಗಿ ಗಾಲಿ ತಿರುಗುವುದಿಲ್ಲ. ಹಿಂದೆ ಗೊಬ್ಬರದ ಚೀಲ ಬೇರೆ. ಆಗ ಅರ್ಧ ಕ್ಲಚ್ ಹಿಡಿದು ಎಕ್ಸಲೇಟರ್ ತಿರುವುತ್ತೀರಿ, ಅಲ್ವಾ? ಕ್ಲಚ್ ಪ್ಲೇಟ್ ಸುಡುವುದು ಅಲ್ಲೇ.

ಆಮೇಲೆ ಒಂದು ದಿನ ಎಂಜಿನ್ ಜೋರಾಗಿ ಕೂಗುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ. ಮೊದಲು ಕ್ಲಚ್ ಕೇಬಲ್ ನೋಡಿ. ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಸಡಿಲ ಇರಬೇಕು. ಅಷ್ಟು ಇದ್ದೂ ಎಳೆಯುತ್ತಿಲ್ಲ ಅಂದರೆ ಹೆಚ್ಚಾಗಿ ಪ್ಲೇಟ್ ಹೋಗಿರುತ್ತದೆ. ಇದನ್ನು ಮನೆಯಲ್ಲೇ ಬದಲಿಸಬಹುದು. ಎಂಜಿನ್ ಕೆಳಗಿಳಿಸಬೇಕಾಗಿಲ್ಲ, ಹೆದರಬೇಡಿ.

ಆದರೆ ಒಂದು ಮಾತು. ಹೊಸ ಪ್ಲೇಟ್ ತಂದ ಕೂಡಲೇ ಪಾನಾ ಹಿಡಿಯಬೇಡಿ. ಹಳೆಯ ಪರಾತದಲ್ಲಿ ಹೊಸ ಎಂಜಿನ್ ಆಯಿಲ್ ಹಾಕಿ, ಪ್ಲೇಟುಗಳನ್ನು ಅದರಲ್ಲಿ ಮುಳುಗಿಸಿ, ರಾತ್ರಿಯಿಡೀ ಬಿಡಿ.

ಯಾಕೆ ಅಂತ ಕೇಳಿ. ಕ್ಲಚ್ ಒಳಗೆ ಎರಡು ಥರದ ಪ್ಲೇಟ್ ಇರುತ್ತವೆ. ಕಾರ್ಕ್ ಅಂಟಿಸಿದ ಪ್ಲೇಟ್ ಎಂಜಿನ್ ಜೊತೆ ತಿರುಗುತ್ತದೆ, ಉಕ್ಕಿನ ಪ್ಲೇಟ್ ಗೇರಿನ ಜೊತೆ ತಿರುಗುತ್ತದೆ. ಒಂದು ಅದು, ಒಂದು ಇದು, ರೊಟ್ಟಿ ಅಡಕಿದ ಹಾಗೆ. ಮೇಲಿನಿಂದ ಸ್ಪ್ರಿಂಗ್ ಒತ್ತಿ ಹಿಡಿದರೆ ಎಲ್ಲ ಒಟ್ಟಿಗೆ ತಿರುಗಿ ಗಾಡಿ ಓಡುತ್ತದೆ. ಲಿವರ್ ಹಿಡಿದರೆ ಬಿಡಿಯಾಗುತ್ತವೆ. ಇದೆಲ್ಲ ಎಣ್ಣೆಯಲ್ಲೇ ನಡೆಯುವ ಕೆಲಸ. ಒಣ ಪ್ಲೇಟ್ ಉಕ್ಕನ್ನು ಗಬಕ್ಕನೆ ಕಚ್ಚುತ್ತದೆ, ಕಾಯುತ್ತದೆ, ಸುಡುತ್ತದೆ.

ನನಗೆ ಇದು ಗೊತ್ತಾದದ್ದು 1994ರಲ್ಲಿ. ಆಗ ಅಣ್ಣಿಗೇರಿಯಲ್ಲಿದ್ದೆ. ಹುಬ್ಬಳ್ಳಿಗೆ ಹೋಗಿ ಪ್ಲೇಟ್ ತಂದೆ. ಮರುದಿನ ಗದಗಿನಲ್ಲಿ ಅಕ್ಕನ ಮಗನ ಜವಳ. ಅವ್ವನನ್ನು ಕರೆದುಕೊಂಡು ಹೋಗಬೇಕು. ರಾತ್ರಿ ಕಂದೀಲು ಹಚ್ಚಿಕೊಂಡು ಕೂತು, ಒಣ ಪ್ಲೇಟ್ ಹಾಗೇ ಹಾಕಿ ಮುಚ್ಚಿದೆ. ಮುಂಜಾನೆ ಗೇರ್ ಹಾಕಿದ್ದೇ ತಡ, ಗಾಡಿ ಜಿಗಿಯಿತು. ಹಿಂದೆ ಕೂತ ಅವ್ವ ನನ್ನ ಅಂಗಿ ಗಟ್ಟಿಯಾಗಿ ಹಿಡಿದಳು. ಜಿಗಿಯಬಾರದು ಅಂತ ದಾರಿಯುದ್ದಕ್ಕೂ ಅರ್ಧ ಕ್ಲಚ್ ಹಿಡಿದೇ ಓಡಿಸಿದೆ. ಹುಲಕೋಟಿ ಬರುವಷ್ಟರಲ್ಲಿ ಸುಟ್ಟ ವಾಸನೆ. ಎಂಜಿನ್ ಕೂಗುತ್ತಿದೆ, ಗಾಡಿ ನಿಂತಿದೆ. ಅವ್ವ ಬುತ್ತಿಗಂಟು ಮಡಿಲಲ್ಲಿ ಇಟ್ಟುಕೊಂಡು ಬೇವಿನ ಗಿಡದ ನೆರಳಲ್ಲಿ ಕೂತಳು, ಒಂದು ಮಾತೂ ಆಡಲಿಲ್ಲ. ಕೊನೆಗೆ ಅವಳನ್ನು ಬಸ್ಸಿಗೆ ಹತ್ತಿಸಿ, ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಗದಗ ಮುಟ್ಟಿದೆ. ಜವಳ ಮುಗಿದಿತ್ತು.

ಅಲ್ಲೊಬ್ಬ ವಯಸ್ಸಾದ ಮಿಸ್ತ್ರಿ ಬಿಚ್ಚಿ ತೋರಿಸಿದರು. ನಿನ್ನೆ ತಂದ ಕಾರ್ಕ್ ಕಪ್ಪಾಗಿ ಉದುರುತ್ತಿತ್ತು. ಉಕ್ಕಿನ ಪ್ಲೇಟ್ ಮೇಲೆ ನವಿಲುಗರಿಯ ಹಾಗೆ ನೀಲಿ ಕಲೆ. ಅವರು ಬೈಯಲಿಲ್ಲ. "ತಮ್ಮಾ, ಉದ್ದಿನಬ್ಯಾಳಿ ನೆನಿ ಹಾಕದ ಇಡ್ಲಿಗೆ ರುಬ್ಬತಾರೇನು?" ಅಂದರು. ಬೇರೆ ಪ್ಲೇಟ್ ತಂದು ಎಣ್ಣೆಯಲ್ಲಿ ಮುಳುಗಿಸಿ, ಮೇಲೆ ಪೇಪರ್ ಮುಚ್ಚಿ, "ನಾಳಿ ಮುಂಜಾನೆ ಬಾ" ಅಂದು ಕೈ ತೊಳೆದುಕೊಂಡರು. ಅವತ್ತಿನಿಂದ ನೆನೆಸದೆ ಒಂದು ಪ್ಲೇಟನ್ನೂ ನಾನು ಹಾಕಿಲ್ಲ.

ಸಮಯ ಕಡಿಮೆ ಉಳಿದಿದೆ, ಕೆಲಸ ಬೇಗ ಹೇಳುತ್ತೇನೆ. ಎಂಜಿನ್ ತಣ್ಣಗಿರಲಿ. ಹಳೆ ಆಯಿಲ್ ಪೂರ್ತಿ ಇಳಿಸಿ. ನಮ್ಮ ಕಡೆ ಓಡಾಡುವ ಹೆಚ್ಚಿನ ಗಾಡಿಗಳಲ್ಲಿ ಕ್ಲಚ್ ಬಲಗಡೆ, ಕಿಕ್ ಇರುವ ಬದಿಗೇ ಇರುತ್ತದೆ. ಕವರಿನ ಬೋಲ್ಟುಗಳು ಒಂದು ಉದ್ದ, ಒಂದು ಗಿಡ್ಡ. ರಟ್ಟಿನ ಮೇಲೆ ಕವರಿನ ಚಿತ್ರ ಬರೆದು, ಬಿಚ್ಚಿದ ಬೋಲ್ಟನ್ನು ಅದರದೇ ಜಾಗದಲ್ಲಿ ಚುಚ್ಚಿಡಿ. ಸ್ಪ್ರಿಂಗ್ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಸಡಿಲಿಸಿ. ಪ್ಲೇಟುಗಳನ್ನು ತೆಗೆದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡಿ. ಉಕ್ಕಿನ ಪ್ಲೇಟನ್ನು ಗಾಜಿನ ಮೇಲೆ ಇಟ್ಟು ನೋಡಿ, ಅಲುಗಾಡಿದರೆ ಅಥವಾ ನೀಲಿಯಾಗಿದ್ದರೆ ಅದನ್ನೂ ಬದಲಿಸಿ. ನೆನೆದ ಪ್ಲೇಟ್ ಹಾಕಿ, ಸ್ಪ್ರಿಂಗನ್ನು ಮತ್ತೆ ಎದುರುಬದುರಾಗಿಯೇ ಬಿಗಿ ಮಾಡಿ. ಸಣ್ಣ ಬೋಲ್ಟ್ ಅವು, ಜಾಸ್ತಿ ಬಲ ಹಾಕಿದರೆ ಮುರಿಯುತ್ತವೆ. ಕವರಿನ ಅಂಚಿಗೆ ಅಂಟಿದ ಹಳೆ ಪ್ಯಾಕಿಂಗ್ ಕೆರೆದು ತೆಗೆದು, ಹೊಸದು ಹಾಕಿ ಕವರ್ ಮುಚ್ಚಿ.

ಮತ್ತೆ ತುಂಬುವ ಆಯಿಲ್ ಬೈಕಿನದೇ ಇರಲಿ. ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇರುತ್ತದೆ, ಎಣ್ಣೆಯಲ್ಲಿ ಓಡುವ ಕ್ಲಚ್ಚಿಗೆ ಒಗ್ಗುವ ಆಯಿಲ್ ಅನ್ನುವ ಗುರುತು ಅದು, ಕೇಳಿ ತನ್ನಿ. ಮನೆಯಲ್ಲಿ ಉಳಿದಿದೆ ಅಂತ ಕಾರಿನ ಆಯಿಲ್ ಹಾಕಬೇಡಿ, ಪ್ಲೇಟ್ ಜಾರುತ್ತದೆ. ಪ್ಲೇಟ್ ನೆನೆಸುವುದಕ್ಕೂ ಇದೇ ಆಯಿಲ್. ಮತ್ತೆ ಹೇಳುತ್ತಿದ್ದೇನೆ ಅಂತ ಬೇಸರ ಬೇಡ: ರಾತ್ರಿಯಿಡೀ ನೆನೆಯಲಿ.

ಕೇಬಲ್ ಸಡಿಲ ಸರಿಮಾಡಿ. ಮೊದಲ ದಿನ ಹಿಂದೆ ಯಾರನ್ನೂ ಕೂರಿಸದೆ, ಚೀಲ ಹೇರದೆ, ಊರೊಳಗೇ ಎರಡು ಸುತ್ತು ಹಾಕಿ ಬನ್ನಿ. ಇಳಿಸಿದ ಹಳೆ ಎಣ್ಣೆಯನ್ನು ಬದುವಿನ ಮೇಲೆ ಚೆಲ್ಲಬೇಡಿ. ಹೊಸ ಆಯಿಲ್ ತಂದ ಡಬ್ಬಕ್ಕೇ ತುಂಬಿ ಪೇಟೆಗೆ ಹೋದಾಗ ಗ್ಯಾರೇಜಿಗೆ ಕೊಡಿ. ನಮಸ್ಕಾರ.