ನೂರಾ ಎರಡು ಅಂದರೆ ಎಷ್ಟು?

ಕೇಳುಗರಿಗೆ ನಮಸ್ಕಾರ.

ಮಗುವಿನ ಬುದ್ಧಿಶಕ್ತಿ ಪರೀಕ್ಷೆಯ ವರದಿ ಕೈಯಲ್ಲಿ ಹಿಡಿದು, ಅದರಲ್ಲಿರುವ 102 ಎಂಬ ಅಂಕಿಯ ಮೇಲೆ ಬೆರಳಿಟ್ಟು ಕುಳಿತ ತಂದೆತಾಯಿಯರನ್ನು ನೆನೆದು ಈ ಮಾತು ಆಡುತ್ತಿದ್ದೇನೆ. 102 ಒಳ್ಳೆಯದೋ ಕೆಟ್ಟದ್ದೋ? ನೂರರ ಮೇಲೆ ಅಂಕ ಬಂದದ್ದಾದರೂ ಹೇಗೆ? ಪಕ್ಕದ ಮನೆಯ ಹುಡುಗನಿಗೆ 108 ಅಂತೆ, ಹಾಗಾದರೆ ಅವನೇ ಜಾಣನೋ? ಇಷ್ಟಕ್ಕೂ ನೀವು ತಿರುಗಿ ಕೇಳಬೇಕಾದದ್ದು ಒಂದೇ ಪ್ರಶ್ನೆ: ಯಾರ ಜೊತೆ ಹೋಲಿಸಿ? ಇದೊಂದು ನೆನಪಿದ್ದರೆ ಸಾಕು, ಮಿಕ್ಕಿದ್ದನ್ನು ಮರೆತರೂ ನನಗೆ ಬೇಜಾರಿಲ್ಲ.

ಎತ್ತರ ಅಳೆಯಲು ಟೇಪು ಇದೆ. ಬುದ್ಧಿಗೆ, ಆತಂಕಕ್ಕೆ, ಸ್ವಭಾವಕ್ಕೆ ಅಂಥ ಟೇಪು ಇಲ್ಲ. ಅದಕ್ಕೇ ಪರೀಕ್ಷೆ ಕಟ್ಟುವವರು ಮೊದಲು ಒಂದೇ ವಯಸ್ಸಿನ ಬಹಳಷ್ಟು ಮಕ್ಕಳಿಗೆ ಅದೇ ಪ್ರಶ್ನೆಗಳನ್ನು ಕೊಟ್ಟು ನೋಡುತ್ತಾರೆ. ಆ ಗುಂಪಿನ ಸರಾಸರಿಗೆ 100 ಎಂದು ಹೆಸರಿಡುತ್ತಾರೆ. ಇದೇ ಮಾನಕ. ಮೂರರಲ್ಲಿ ಎರಡು ಪಾಲು ಮಕ್ಕಳು 85 ಮತ್ತು 115ರ ನಡುವೆ ಬರುವಂತೆ ಅಳತೆಯನ್ನು ಹೊಂದಿಸಿರುತ್ತಾರೆ. ಅಂದರೆ 102 ಬಂದ ಮಗು ತನ್ನ ಓರಗೆಯವರ ಗುಂಪಿನ ನಟ್ಟನಡುವೆ ನಿಂತಿದೆ. ವರದಿಯಲ್ಲಿ ‘50ನೇ ಪರ್ಸೆಂಟೈಲ್’ ಎಂದಿದ್ದರೆ ನೂರಕ್ಕೆ ಐವತ್ತು ಅಂಕ ಎಂದು ಓದಿಕೊಂಡು ಗಾಬರಿಯಾಗಬೇಡಿ. ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ನಿಮ್ಮದು ಮಧ್ಯದಲ್ಲಿದೆ ಎಂದರ್ಥ, ಅಷ್ಟೆ.

ಹೋಲಿಕೆ ಇಲ್ಲದಿದ್ದರೆ ಏನಾಗುತ್ತದೆ? ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1948ರಲ್ಲಿ ತನ್ನ ತರಗತಿಯಲ್ಲಿ ಮಾಡಿದ ಪ್ರಯೋಗ ಕೇಳಿ. 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟ. ಅವರು ಶ್ರದ್ಧೆಯಿಂದ ಬರೆದರು. ಒಂದು ವಾರ ಬಿಟ್ಟು ಪ್ರತಿಯೊಬ್ಬರ ಕೈಗೂ ಅವರವರ ಹೆಸರಿದ್ದ ಹಾಳೆ ಕೊಟ್ಟ, ಇದು ನಿಮ್ಮ ಸ್ವಭಾವದ ಚಿತ್ರ ಎಂದ. ಹಾಳೆಯಲ್ಲಿ 13 ಹೇಳಿಕೆಗಳು. ಬೇರೆಯವರು ನಿಮ್ಮನ್ನು ಮೆಚ್ಚಬೇಕೆಂಬ ಆಸೆ ನಿಮಗಿದೆ. ಕೆಲವೊಮ್ಮೆ ಎಲ್ಲರೊಡನೆ ಬೆರೆಯುತ್ತೀರಿ, ಕೆಲವೊಮ್ಮೆ ನಿಮ್ಮಷ್ಟಕ್ಕೆ ನೀವಿರುತ್ತೀರಿ. ಸರಿಯಾದ ನಿರ್ಧಾರವನ್ನೇ ಮಾಡಿದೆನೇ ಎಂದು ಒಳಗೊಳಗೇ ಅನುಮಾನಪಡುತ್ತೀರಿ. ಎಲ್ಲವೂ ಈ ಧಾಟಿಯವೇ. ಎಷ್ಟು ಸರಿಯಾಗಿದೆ, 5ಕ್ಕೆ ಅಂಕ ಕೊಡಿ ಎಂದ. ತರಗತಿಯ ಸರಾಸರಿ 4.26! ಆಮೇಲೆ ಒಂದು ಹೇಳಿಕೆಯನ್ನು ಗಟ್ಟಿಯಾಗಿ ಓದಿಸಿ, ಇಂಥದ್ದೇ ಮಾತು ಯಾರ ಹಾಳೆಯಲ್ಲಿದೆ, ಕೈ ಎತ್ತಿ ಎಂದ. ಎಲ್ಲರ ಕೈಯೂ ಮೇಲೆ. ತರಗತಿಯೆಲ್ಲ ನಗು. ಅಷ್ಟೂ ಜನಕ್ಕೆ ಕೊಟ್ಟದ್ದು ಒಂದೇ ಬರಹ, ಅದರ ಬಹುಪಾಲು ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು.

ಆ ಹಾಳೆಯಲ್ಲಿ ಸುಳ್ಳೇನೂ ಇರಲಿಲ್ಲ, ಗಮನಿಸಿ. ಎಲ್ಲರಿಗೂ ನಿಜವಾದದ್ದನ್ನೇ ಹೇಳಿತ್ತು. ಎಲ್ಲರಿಗೂ ನಿಜವಾದ ಮಾತು ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡಿ ತೋರಿಸದು. ಪರೀಕ್ಷೆ ಇರುವುದೇ ಅದಕ್ಕೆ. ಮೊಬೈಲಿನಲ್ಲಿ ಹತ್ತು ಪ್ರಶ್ನೆಗೆ ಉತ್ತರ ಒತ್ತಿ, ‘ಅಯ್ಯೋ, ನನ್ನನ್ನೇ ನೋಡಿ ಬರೆದ ಹಾಗಿದೆ’ ಎನ್ನುವವರಿಗೆ ನನ್ನದು ಅದೇ ಪ್ರಶ್ನೆ: ಯಾರ ಜೊತೆ ಹೋಲಿಸಿ ಬರೆದರು?

ಮಾನಕ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ಮಾನಕದ ಮಕ್ಕಳಿಗೆ ಪರೀಕ್ಷೆ ನಡೆಸಿದ ರೀತಿಯಲ್ಲೇ ನಿಮ್ಮ ಮಗುವಿಗೂ ನಡೆಸಬೇಕು. ಅಂಕಿಗಳನ್ನು ಕೇಳಿ ತಿರುಗಿ ಹೇಳುವ ಪರೀಕ್ಷೆಯನ್ನೇ ನೋಡಿ. ಮೂರು… ಒಂಬತ್ತು… ನಾಲ್ಕು… ಒಂದು… ಏಳು. ಸೆಕೆಂಡಿಗೆ ಒಂದು ಅಂಕಿ, ಒಂದೇ ದನಿ, ಕೊನೆಯದಕ್ಕೆ ಮಾತ್ರ ದನಿ ಸ್ವಲ್ಪ ಇಳಿಸಬೇಕು. ಅವಸರದಲ್ಲಿ ‘ಮೂವತ್ತೊಂಬತ್ತು, ನಾನೂರ ಹದಿನೇಳು’ ಎಂದುಬಿಟ್ಟರೆ? ಐದು ಅಂಕಿ ಹೋಗಿ ಎರಡು ಕಟ್ಟಾಯಿತು, ಮಗು ಸುಲಭವಾಗಿ ಹೇಳಿಬಿಡುತ್ತದೆ. ಅಂಕ ಏರುತ್ತದೆ, ಹೋಲಿಕೆ ಮುರಿದುಬೀಳುತ್ತದೆ. ‘ಇನ್ನೊಂದು ಸಲ ಹೇಳ್ತೀನಿ ಕೇಳು’ ಎಂದರೂ ಹಾಗೆಯೇ. ಸರಿ ಉತ್ತರಕ್ಕೆ ತಲೆಯಾಡಿಸಿದರೂ ಹಾಗೆಯೇ, ತಪ್ಪಾದಾಗ ತಲೆ ನಿಂತದ್ದನ್ನು ಮಗು ನೋಡುತ್ತದೆ. ತಾಯಂದಿರನ್ನು ಹೊರಗೆ ಕೂರಿಸುವುದಕ್ಕೆ ಇದೂ ಒಂದು ಕಾರಣ, ದಯವಿಟ್ಟು ಮುನಿಸಿಕೊಳ್ಳಬೇಡಿ. ಹಿಂದಿನ ರಾತ್ರಿ ಅಂತರ್ಜಾಲದಿಂದ ಪ್ರಶ್ನೆ ಹುಡುಕಿ ಅಭ್ಯಾಸ ಮಾಡಿಸುವವರಿಗಂತೂ ಏನು ಹೇಳಲಿ! ಮಾನಕದ ಮಕ್ಕಳು ಅಭ್ಯಾಸ ಮಾಡಿ ಬಂದಿರಲಿಲ್ಲ. ಅಂಕ ಸಾಲಲಿಲ್ಲವೆಂದು ಮುಂದಿನ ವಾರವೇ ಅದೇ ಪರೀಕ್ಷೆ ಮತ್ತೆ ಮಾಡಿಸಿದರೂ ಮೋಸ ನಿಮಗೇ.

ಈಗ ಆ 108ಕ್ಕೆ ಬರೋಣ. ಯಾವ ಪರೀಕ್ಷೆಯೂ ಕೂದಲೆಳೆಯಷ್ಟು ಖಚಿತವಲ್ಲ. ಒಂದು ಪರೀಕ್ಷೆಯ ವಿಶ್ವಸನೀಯತೆ, ಅಂದರೆ ಅದರ ಅಂಕವನ್ನು ಎಷ್ಟು ನಂಬಬಹುದು ಎಂಬುದರ 0ಯಿಂದ 1ರವರೆಗಿನ ಅಳತೆ, 0.91 ಎಂದಿಟ್ಟುಕೊಳ್ಳಿ, ಅದು ಒಳ್ಳೆಯ ಪರೀಕ್ಷೆಯೇ. ಲೆಕ್ಕ ಬೇಕಾದವರು ಬರೆದುಕೊಳ್ಳಿ: ಒಂದರಲ್ಲಿ 0.91 ಕಳೆದರೆ 0.09. ಅದರ ವರ್ಗಮೂಲ 0.3. ಅದನ್ನು 15ರಿಂದ, ಅಂದರೆ ಆಗಲೇ ಹೇಳಿದ 85ಕ್ಕೂ 115ಕ್ಕೂ ನೂರರಿಂದ ಇರುವ ದೂರದಿಂದ, ಗುಣಿಸಿದರೆ 4.5. ಇದರ ಎರಡು ಪಟ್ಟು, ಅಂದರೆ 9 ಅಂಕ, ಆಚೆಗೂ ಈಚೆಗೂ ಬಿಡಬೇಕು. ನಿಮ್ಮ ಮಗುವಿನ 102 ಅಂದರೆ 93ರಿಂದ 111ರ ಒಳಗೆ ಎಲ್ಲೋ ಒಂದು ಕಡೆ. ಪಕ್ಕದ ಮನೆಯ 108 ಅಂದರೆ 99ರಿಂದ 117. ಎರಡೂ ಒಂದರ ಮೇಲೊಂದು ಹಾಸಿಕೊಂಡಿವೆ. ಈ ಆರು ಅಂಕಕ್ಕಾಗಿ ಮಗುವಿನ ಊಟದ ಹೊತ್ತು ಕೆಡಿಸಬೇಡಿ. ವರದಿಯಲ್ಲಿ ಇಂತಿಷ್ಟರಿಂದ ಇಂತಿಷ್ಟು ಎಂಬ ವ್ಯಾಪ್ತಿ ಬರೆದಿಲ್ಲವಾದರೆ ಕೇಳಿ ಬರೆಸಿಕೊಳ್ಳಿ.

ಫೋರರ್ ಕತೆಗೇ ಹೊತ್ತು ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಮಾನಕಕ್ಕೂ ವಯಸ್ಸಾಗುತ್ತದೆ. 20ನೇ ಶತಮಾನದಲ್ಲಿ ಹಲವು ದೇಶಗಳಲ್ಲಿ ಸರಾಸರಿ ಅಂಕ ದಶಕಕ್ಕೆ ಸುಮಾರು 3ರಂತೆ ಏರಿದೆ, ಹಾಗಾಗಿ ಹಳೆಯ ಮಾನಕ ಇಂದಿನ ಮಗುವನ್ನು ಇರುವುದಕ್ಕಿಂತ ಜಾಣನಂತೆ ತೋರಿಸಬಹುದು. ಅನುವಾದಿಸಿದ ಪರೀಕ್ಷೆಗೆ ಆ ಭಾಷೆಯಲ್ಲೇ ಹೊಸ ಮಾನಕ ಬೇಕು. ಉದಾಹರಣೆಗೆ, ಅಂಕಿಗಳ ಹೆಸರು ಉದ್ದವಿರುವ ಭಾಷೆಯಲ್ಲಿ ಅಷ್ಟೇ ಅಂಕಿ ನೆನಪಿಡುವುದು ಹೆಚ್ಚು ಕಷ್ಟ.

ಖಿನ್ನತೆಯ ಪ್ರಶ್ನಾವಳಿಗಳ ಬಗ್ಗೆ ಎರಡೇ ಮಾತು. ಪಿಎಚ್‌ಕ್ಯೂ-9 ಎಂಬುದರಲ್ಲಿ ಕಳೆದ ಎರಡು ವಾರಗಳ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣಿ ಎಂಬ ಸೂಚನೆ. ಕಾಯಿಲೆ ಇದೆಯೋ ಇಲ್ಲವೋ ಎಂದು ಹೇಳುವವರು ವೈದ್ಯರು, ಆ ಹಾಳೆಯಲ್ಲ. ಆದರೆ ಸಾಯುವ ಯೋಚನೆಯ ಬಗ್ಗೆ ಕೇಳುವ 9ನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೇನೇ ಬಂದಿರಲಿ, ಕೂಡಿ ನೋಡುತ್ತಾ ಕೂರಬೇಡಿ, ಅಂದೇ ಹೊರಡಿ.

ಕೊನೆಗೊಂದು ಸಣ್ಣ ಸಂಗತಿ. ಬುದ್ಧಿ ಪರೀಕ್ಷೆಗೆ ಮೊದಲು ಮಗುವಿನ ಕಣ್ಣು, ಕಿವಿ ತೋರಿಸಿ. ‘ಮೂರು’ ಎಂದದ್ದು ‘ನೂರು’ ಎಂದು ಕೇಳಿಸಿಕೊಳ್ಳುವ ಮಗುವಿಗೆ ನೆನಪಿನ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಆ ದಿನ ಕನ್ನಡಕವನ್ನು ಮನೆಯಲ್ಲಿ ಮರೆತು ಹೋಗಬೇಡಿ.

ನಮಸ್ಕಾರ.