ಮಿದುಳಿನ ರಕ್ತದ ಹೆಪ್ಪು ತೆಗೆಯುವಾಗ ಎದುರಾಗುವ ಅಪಾಯಗಳು

ಕೇಳುಗರಿಗೆ ನಮಸ್ಕಾರ.

ಲಕ್ವ ಹೊಡೆದವರನ್ನು ಆಸ್ಪತ್ರೆಗೆ ತಂದಿರುತ್ತೀರಿ. ಮಿದುಳಿನ ದೊಡ್ಡ ರಕ್ತನಾಳದಲ್ಲೇ ಹೆಪ್ಪು ಸಿಕ್ಕಿಕೊಂಡಿದೆ, ಥ್ರೊಂಬೆಕ್ಟಮಿ ಮಾಡಬೇಕು ಅಂತ ಡಾಕ್ಟರು ಹೇಳುತ್ತಾರೆ. ತೊಡೆಸಂದಿನ ನಾಳದಿಂದ ಸಣ್ಣ ಕೊಳವೆಯನ್ನು ಮಿದುಳಿನವರೆಗೆ ಒಯ್ದು, ಬಲೆಯಂಥ ಸ್ಟೆಂಟಿನಲ್ಲಿ ಹೆಪ್ಪನ್ನು ಹಿಡಿದು ಎಳೆಯುತ್ತಾರೆ, ಇಲ್ಲವೇ ಹೀರಿ ತೆಗೆಯುತ್ತಾರೆ. ಅದಕ್ಕೂ ಮೊದಲು ಸಹಿ ಹಾಕಬೇಕಾದ ಕಾಗದದಲ್ಲಿ ಅಪಾಯಗಳ ಪಟ್ಟಿ ಇರುತ್ತದೆ. ಅಲ್ಲೇ ಮನೆಯವರು ಹಿಂಜರಿಯುತ್ತಾರೆ. ಊರಿಗೆ ಫೋನು ಮಾಡಿ ಕೇಳುತ್ತಾರೆ. ಹೊತ್ತು ಜಾರುತ್ತದೆ.

ಎಲ್ಲರೂ ಹೆದರುವುದು ಮಿದುಳಿನ ರಕ್ತಸ್ರಾವಕ್ಕೆ. ಕೆಲವೊಮ್ಮೆ ಕೊಳವೆಗೆ ದಾರಿ ತೋರುವ ತಂತಿಯ ತುದಿ ನಾಳವನ್ನು ಚುಚ್ಚಿಬಿಡುತ್ತದೆ. ಇದು ಅಪರೂಪ, ಆದರೆ ಜೀವಕ್ಕೇ ಅಪಾಯ. ಇನ್ನು ಕೆಲವೊಮ್ಮೆ ಹೆಪ್ಪು ಹೋಗಿ ರಕ್ತ ಮತ್ತೆ ನುಗ್ಗಿದಾಗ, ಅಷ್ಟರಲ್ಲೇ ಹಾಳಾಗಿದ್ದ ಭಾಗದಲ್ಲಿ ರಕ್ತ ಸೋರುತ್ತದೆ. ತಡವಾದಷ್ಟೂ ಹಾಳಾದ ಭಾಗ ಜಾಸ್ತಿ. ಆದರೆ ಈ ಲೆಕ್ಕವನ್ನೂ ಕೇಳಿ. ಐದು ದೊಡ್ಡ ಪ್ರಯೋಗಗಳ 1287 ರೋಗಿಗಳ ಮಾಹಿತಿಯನ್ನು 2016ರಲ್ಲಿ ಒಟ್ಟಿಗೆ ನೋಡಿದರು. ಸ್ಥಿತಿಯನ್ನು ಕೆಡಿಸುವಂಥ ರಕ್ತಸ್ರಾವ ಹೆಪ್ಪು ತೆಗೆಸಿಕೊಂಡವರಲ್ಲಿ ಶೇ 4.4, ಔಷಧ ಮಾತ್ರ ಪಡೆದವರಲ್ಲಿ ಶೇ 4.3. ಹೆಚ್ಚುಕಡಿಮೆ ಒಂದೇ, ಅಲ್ವಾ? ಮೂರು ತಿಂಗಳಾದ ಮೇಲೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದವರು ಮಾತ್ರ ಹೆಪ್ಪು ತೆಗೆಸಿಕೊಂಡವರಲ್ಲಿ ಶೇ 46, ಔಷಧದವರಲ್ಲಿ ಶೇ 26.5. ಸಹಿ ಹಾಕುವ ಮುಂಚೆ ಈ ಎರಡೂ ಲೆಕ್ಕ ಕಿವಿಯಲ್ಲಿರಲಿ.

ಎಳೆಯುವಾಗ ಹೆಪ್ಪು ಒಡೆದು, ಅದರ ಚೂರು ಬೇರೆ ನಾಳಕ್ಕೆ ಹೋಗುವುದೂ ಉಂಟು. ನೆದರ್ಲೆಂಡ್ಸಿನ ಎಂಆರ್ ಕ್ಲೀನ್ ಪ್ರಯೋಗದಲ್ಲಿ ಚಿಕಿತ್ಸೆಯ ಗುಂಪಿನ 233 ಜನರಲ್ಲಿ 13 ಜನರಿಗೆ ಮಿದುಳಿನ ಬೇರೆ ಭಾಗದಲ್ಲಿ ಹೊಸ ಸ್ಟ್ರೋಕ್ ಆಯಿತು. ಇದು ಸಣ್ಣ ಮಾತಲ್ಲ. ಅದಕ್ಕೇ ಹಲವರು ಕತ್ತಿನ ನಾಳದಲ್ಲಿ ಬಲೂನು ಉಬ್ಬಿಸಿ, ರಕ್ತದ ಹರಿವನ್ನು ತಡೆದುಕೊಂಡು ಹೆಪ್ಪನ್ನು ಎಳೆಯುತ್ತಾರೆ.

ಒಂದು ಜಾಗ ಮಾತ್ರ ನಿಮ್ಮ ಕಣ್ಣಿಗೂ ಕಾಣುತ್ತದೆ. ಅದು ಕೊಳವೆ ಹಾಕಿದ ತೊಡೆಸಂದು. ಅಲ್ಲಿ ಊತ ಬರಬಹುದು, ರಕ್ತ ಒಸರಬಹುದು. ಹೊಟ್ಟೆಯ ಹಿಂಭಾಗದಲ್ಲಿ ಒಳಗೊಳಗೇ ರಕ್ತ ಸೇರಿದರೆ ಹೊರಗೆ ಏನೂ ಕಾಣುವುದಿಲ್ಲ. ಬೆನ್ನು ನೋಯುತ್ತದೆ, ಬಿಪಿ ಇಳಿಯುತ್ತದೆ. ಲಕ್ವದಿಂದ ಮಾತು ನಿಂತವರು ಆ ನೋವನ್ನು ಹೇಳುವುದು ಹೇಗೆ? ಪಕ್ಕದಲ್ಲಿ ಕೂತವರೇ ಗಮನಿಸಬೇಕು. ಡಾಕ್ಟರು ಹೇಳುವವರೆಗೂ ಆ ಕಾಲು ಮಡಿಸಲು ಬಿಡಬೇಡಿ. ಊತ ಕಂಡರೆ, ಪಾದ ತಣ್ಣಗಾದರೆ, ರೋಗಿ ಸುಮ್ಮನೆ ಒದ್ದಾಡುತ್ತಿದ್ದಾರೆ ಅನ್ನಿಸಿದರೂ ಸರಿ, ತಕ್ಷಣ ನರ್ಸ್ ಅವರನ್ನು ಕರೆಯಿರಿ.

ನಮಸ್ಕಾರ.