ಕರೆಂಟಿನ ಕಡೆ ವಾಲುವ ಜ್ವಾಲೆ

ಮಡಿಕೇರಿ, ಜುಲೈ ತಿಂಗಳು. ಮಳೆ ಬಿಡುವ ಲಕ್ಷಣವೇ ಇಲ್ಲ. ಈ ಕಾಲದಲ್ಲಿ ಇಲ್ಲಿ ಬೆಂಕಿ ಹೊತ್ತಿಸುವುದೇ ಒಂದು ಕೆಲಸ. ಬೆಂಕಿಪೊಟ್ಟಣ ಮೆತ್ತಗಾಗಿರುತ್ತದೆ, ಸೌದೆ ಬರೀ ಹೊಗೆಯಾಡುತ್ತದೆ. ಗ್ಯಾಸ್ ಲೈಟರ್ ಕೂಡ ಕೆಲವು ಬೆಳಿಗ್ಗೆ ಟಕ್ ಟಕ್ ಅನ್ನುತ್ತದೆ, ಕಿಡಿ ಮಾತ್ರ ಬರುವುದಿಲ್ಲ.

ಲೈಟರ್ ಒಳಗೆ ಒಂದು ಪುಟ್ಟ ಪೀಜೋ ತುಂಡು ಇದೆ. ಪೆಟ್ಟು ಬಿದ್ದರೆ ಅದರಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಒತ್ತಿದರೆ ಕರೆಂಟು ಹುಟ್ಟುವ ಈ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡುಕೊಂಡರು. ಗಾಳಿ ಸುಲಭಕ್ಕೆ ಕರೆಂಟು ಬಿಡುವುದಿಲ್ಲ. ಆದರೆ ಸೆಂಟಿಮೀಟರ್‌ಗೆ ಸುಮಾರು 30,000 ವೋಲ್ಟ್ ದಾಟಿದರೆ ಅದೂ ಸೋಲುತ್ತದೆ, ಕಿಡಿ ಹಾರುತ್ತದೆ. ಗ್ಯಾಸು ಗಾಳಿ ಸರಿಯಾಗಿ ಬೆರೆತಿದ್ದರೆ ಹೊತ್ತಿಕೊಳ್ಳಲು ಒಂದು ಮಿಲಿಜೌಲ್‌ನ ಕಾಲು ಭಾಗ ಶಕ್ತಿ ಸಾಕು. ಲೈಟರ್‌ನ ಬಾಯೊಳಗೆ ಪಸೆ ಕೂತರೆ ಕರೆಂಟು ಆ ಪಸೆಯ ಮೇಲೇ ಸೋರಿಹೋಗುತ್ತದೆ. ಒಣಬಟ್ಟೆಯಲ್ಲಿ ಒರೆಸಿ ಬೆಚ್ಚಗಿನ ಜಾಗದಲ್ಲಿಡಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಇದು ಇಲ್ಲಿನ ಒಂದು ಕಾಲೇಜಿನ ಲ್ಯಾಬ್. ಮೇಷ್ಟ್ರು ಪಕ್ಕದಲ್ಲೇ ಇದ್ದಾರೆ, ಮನೆಯಲ್ಲಿ ಖಂಡಿತ ಮಾಡಬೇಡಿ. ಮೇಣದಬತ್ತಿಯ ಎರಡು ಬದಿಗೆ ಲೋಹದ ಪ್ಲೇಟು. ಹೈ ವೋಲ್ಟೇಜ್ ಕೊಟ್ಟರು. ನೋಡಿ, ಜ್ವಾಲೆ ನೆಗೆಟಿವ್ ಪ್ಲೇಟಿನ ಕಡೆ ವಾಲಿತು! ಯಾರೂ ಊದಲಿಲ್ಲ. ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಬ್ರ್ಯಾಂಡ್ ಇದನ್ನು 1814ರಲ್ಲೇ ಬರೆದಿಟ್ಟಿದ್ದಾರೆ.

ಉರಿಯುವಾಗ ಇಂಧನದ ಚೂರುಗಳು ಆಕ್ಸಿಜನ್ ಜೊತೆ ಸೇರುತ್ತವೆ. ಆಗ ಕೆಲವು ಕಣಗಳು ಎಲೆಕ್ಟ್ರಾನ್ ಕಳೆದುಕೊಂಡು ಪಾಸಿಟಿವ್ ಅಯಾನುಗಳಾಗುತ್ತವೆ, ಅಂದರೆ ಪಾಸಿಟಿವ್ ಚಾರ್ಜ್ ಇರುವ ಕಣಗಳಾಗುತ್ತವೆ. ಇವು ಬಹಳ ಕಡಿಮೆ, ಹತ್ತು ಲಕ್ಷಕ್ಕೆ ಒಂದು ಅನ್ನುವಷ್ಟು. ಆದರೂ ನೆಗೆಟಿವ್ ಪ್ಲೇಟ್ ಎಳೆದಾಗ ಇವು ದಾರಿಯಲ್ಲಿರುವ ಗಾಳಿಯನ್ನೂ ತಳ್ಳಿಕೊಂಡು ಹೋಗುತ್ತವೆ. ಮಡಿಕೇರಿ ದಸರಾ ರಾತ್ರಿ ಜನಜಂಗುಳಿಯಲ್ಲಿ ನಾಲ್ಕು ಜನ ಒಂದೇ ಕಡೆ ನುಗ್ಗಿದರೆ ಅಕ್ಕಪಕ್ಕದವರೂ ಜರುಗಬೇಕಲ್ವಾ, ಹಾಗೆ. ಇದಕ್ಕೆ ಅಯಾನು ಗಾಳಿ ಅನ್ನುತ್ತಾರೆ. ಇದನ್ನು ಹದವಾಗಿ ಬಳಸಿದರೆ ಮಸಿ ಕಡಿಮೆ ಮಾಡಬಹುದು, ಆರಿಹೋಗುವ ಜ್ವಾಲೆಯನ್ನು ಹಿಡಿದು ನಿಲ್ಲಿಸಬಹುದು. ಭೂಮಿಯ ಮೇಲೆ ಬಿಸಿಗಾಳಿ ಮೇಲೇರುತ್ತಲೇ ಇರುವುದರಿಂದ ಇದನ್ನು ಬಿಡಿಸಿ ನೋಡುವುದು ಕಷ್ಟ. ಅದಕ್ಕೇ ನಾಸಾ 2018ರಲ್ಲಿ ಅಂತರಿಕ್ಷ ನಿಲ್ದಾಣದಲ್ಲಿ ಇಂಥ ಜ್ವಾಲೆ ಉರಿಸಿ ನೋಡಿತು.

ಇದೇ ವಿಜ್ಞಾನ ನಮ್ಮ ಗ್ಯಾಸ್ ಗೀಸರ್‌ನಲ್ಲೂ ಇದೆ. ಹಂಡೆ ಒಲೆ ಬಿಟ್ಟು ಕೊಡಗಿನ ಎಷ್ಟೋ ಮನೆಗಳು ಗೀಸರಿಗೆ ಬಂದಿವೆ. ಬರ್ನರ್ ಪಕ್ಕ ಒಂದು ಸಣ್ಣ ಲೋಹದ ಕಡ್ಡಿ ಇರುತ್ತದೆ. ಜ್ವಾಲೆಯ ಅಯಾನುಗಳ ಮೂಲಕ ಅದಕ್ಕೆ ಕೆಲವೇ ಮೈಕ್ರೋಆಂಪ್ ಕರೆಂಟು ಹರಿಯುತ್ತದೆ. ಬೆಂಕಿ ಆರಿದರೆ ಆ ಕರೆಂಟು ನಿಲ್ಲುತ್ತದೆ, ಕೂಡಲೇ ಗ್ಯಾಸ್ ಬಂದ್. ಕಡ್ಡಿಗೆ ಮಸಿ ಹಿಡಿದರೆ ಗೀಸರ್ ಸುಮ್ಸುಮ್ನೆ ಆಫ್ ಆಗುತ್ತದೆ, ಸರ್ವಿಸ್‌ನವರಿಗೆ ಹೇಳಿ ಕ್ಲೀನ್ ಮಾಡಿಸಿ.

ಆದರೆ ಆ ಕಡ್ಡಿಗೆ ಗೊತ್ತಾಗುವುದು ಜ್ವಾಲೆ ಇದೆಯೋ ಇಲ್ಲವೋ ಅಷ್ಟೇ. ಗಾಳಿ ಸಾಲದೆ ಉರಿದಾಗ ಹುಟ್ಟುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಅದಕ್ಕೆ ಗೊತ್ತಾಗುವುದಿಲ್ಲ. ಚಳಿ ಅಂತ ಬಚ್ಚಲಿನ ಕಿಟಕಿಗೆ ಬಟ್ಟೆ ತುರುಕಬೇಡಿ, ದಯವಿಟ್ಟು. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ಒಳಗೆ ಪೈಪ್ ಮಾತ್ರ ಬರಲಿ.